ಇಪ್ಪತ್ತೇ ಫೋಟೋ: ವಿದ್ಯಾರ್ಥಿಗಳು ಫೋಟೋ ಪತ್ರಿಕೋದ್ಯಮದ ಪೋರ್ಟ್‌ಫೋಲಿಯೊ ಕಟ್ಟುವುದು ಹೇಗೆ

ಇಂಟರ್ನ್‌ಶಿಪ್ ಹುಡುಕುವ ಕಾಲ ಬಂತೆಂದರೆ ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರು ತಮ್ಮ ಫೋಟೋಗಳನ್ನು ನನಗೆ ಕಳಿಸುತ್ತಾರೆ. ‘ಸರ್, ಸ್ವಲ್ಪ ನೋಡಿ ಹೇಳಿ’ ಅಂತ. ಡ್ರೈವ್ ಲಿಂಕ್ ತೆರೆದರೆ ಒಳಗೆ ಇನ್ನೂರು ಫೋಟೋ ಇರುತ್ತವೆ. ಚಾಮುಂಡಿ ಬೆಟ್ಟದ ಸೂರ್ಯೋದಯ, ದೀಪ ಹೊತ್ತಿದ ಅರಮನೆ, ದೇವರಾಜ ಮಾರುಕಟ್ಟೆಯ ಕುಂಕುಮದ ರಾಶಿ, ಕಾರಂಜಿ ಕೆರೆಯ ನವಿಲು, ಕೊನೆಗೆ ಅಕ್ಕನ ಮದುವೆ. ಒಂದೊಂದೂ ಚೆನ್ನಾಗಿಯೇ ಇರುತ್ತದೆ. ಆದರೆ ಪತ್ರಿಕೆಯಲ್ಲಿ ಕೂತು ಅದನ್ನು ನೋಡುವ ಫೋಟೋ ಎಡಿಟರ್ ಬೇರೆಯದನ್ನೇ ಹುಡುಕುತ್ತಿರುತ್ತಾರೆ: ಈ ಹುಡುಗಿಯನ್ನು ನಾಳೆ ಬೆಳಗ್ಗೆ ಪ್ರತಿಭಟನೆಗೆ, ಮಧ್ಯಾಹ್ನ ಕಬಡ್ಡಿ ಪಂದ್ಯಕ್ಕೆ, ಸಂಜೆ ಒಬ್ಬ ಸಾಹಿತಿಯ ಮನೆಗೆ ಕಳಿಸಿದರೆ ಮೂರು ಕಡೆಯಿಂದಲೂ ಫೋಟೋ ತರುತ್ತಾಳಾ? ಇನ್ನೂರು ಸುಂದರ ಫೋಟೋ ನೋಡಿದರೂ ಅದು ಗೊತ್ತಾಗುವುದಿಲ್ಲ. ಬೇರೆ ಬೇರೆ ವಿಭಾಗಗಳ ಇಪ್ಪತ್ತು ಫೋಟೋ ನೋಡಿದರೆ ಗೊತ್ತಾಗುತ್ತದೆ. ಹಾಗೆ ಆರಿಸಿ ಜೋಡಿಸಿದ ಫೋಟೋಗಳ ಗುಚ್ಛವೇ ಪೋರ್ಟ್‌ಫೋಲಿಯೊ.

ಹಾಗಂತ ಒಂದೊಂದು ವಿಭಾಗಕ್ಕೆ ಒಂದೊಂದು ಊರು ಸುತ್ತಬೇಡಿ. ನಿಮ್ಮ ಊರಿನಲ್ಲೇ ಒಂದು ಜಾಗ ಹಿಡಿದು ಎರಡು ತಿಂಗಳು ಮತ್ತೆ ಮತ್ತೆ ಹೋಗಿ. ಹೆಚ್ಚುಕಡಿಮೆ ಎಲ್ಲ ವಿಭಾಗದ ಫೋಟೋಗಳೂ ಅಲ್ಲೇ ಹುಟ್ಟುತ್ತವೆ.

ವಿಭಾಗಗಳು ಯಾವುವು

ವಿದ್ಯಾರ್ಥಿಗಳ ಫೋಟೋ ಸ್ಪರ್ಧೆಗಳಲ್ಲಿ ಹಳೆಯದು ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ್ದು. 1945ರಲ್ಲಿ ಶುರುವಾಯಿತು. ಅಲ್ಲಿಯೂ, ನಮ್ಮ ಪತ್ರಿಕಾ ಕಚೇರಿಗಳಲ್ಲಿಯೂ ವಿಂಗಡಣೆ ಸುಮಾರಾಗಿ ಒಂದೇ ತರ. ಯಾರೂ ಊಹಿಸದೆ ಆದದ್ದು ಸ್ಪಾಟ್ ನ್ಯೂಸ್: ಬೆಂಕಿ, ಅಪಘಾತ, ಮಳೆಗೆ ಬಿದ್ದ ಮರ. ಮೊದಲೇ ಗೊತ್ತಿದ್ದ ಕಾರ್ಯಕ್ರಮ ಸಾಮಾನ್ಯ ಸುದ್ದಿ: ಧರಣಿ, ಗ್ರಾಮಸಭೆ, ಉದ್ಘಾಟನೆ. ದಿನನಿತ್ಯದ ಬದುಕಿನ ಒಂದು ಗಳಿಗೆ ಫೀಚರ್. ಆಟ ನಡೆಯುವಾಗ ತೆಗೆದದ್ದು ಕ್ರೀಡೆ. ಆಟದ ಆಚೀಚೆ, ಬೆಂಚಿನ ಮೇಲೆ, ಗ್ಯಾಲರಿಯಲ್ಲಿ ಸಿಕ್ಕಿದ್ದು ಕ್ರೀಡಾ ಫೀಚರ್. ವ್ಯಕ್ತಿಚಿತ್ರ, ನಿಸರ್ಗ ಅಥವಾ ದೃಶ್ಯಚಿತ್ರ, ಕೊನೆಗೆ ಹಲವು ಫೋಟೋ ಸೇರಿ ಒಂದು ಕಥೆ ಹೇಳುವ ಫೋಟೋ ಸ್ಟೋರಿ. ಕೆಲವು ಕಡೆ ಲೇಖನಕ್ಕೆಂದು ಜೋಡಿಸಿ ತೆಗೆಯುವ ಇಲಸ್ಟ್ರೇಷನ್ ಕೂಡ ಇರುತ್ತದೆ. ಅದು ಒಂದಿದ್ದರೆ ಸಾಕು, ಇಲ್ಲದಿದ್ದರೂ ನಡೆಯುತ್ತದೆ.

ನನ್ನ ಲೆಕ್ಕ ಹೀಗೆ: ಹತ್ತರಿಂದ ಹನ್ನೆರಡು ಬಿಡಿ ಫೋಟೋ, ಜೊತೆಗೆ ಎಂಟು ಫೋಟೋಗಳ ಒಂದು ಸ್ಟೋರಿ. ಬಿಡಿ ಫೋಟೋಗಳಲ್ಲಿ ಫೀಚರ್ ಮೂರು, ಸಾಮಾನ್ಯ ಸುದ್ದಿ ಎರಡು, ಕ್ರೀಡೆ ಎರಡು, ವ್ಯಕ್ತಿಚಿತ್ರ ಎರಡು. ಸ್ಪಾಟ್ ನ್ಯೂಸ್ ಸಿಕ್ಕಿದರೆ ಒಂದು. ದೃಶ್ಯಚಿತ್ರ ಒಂದೇ ಒಂದು.

ಜಾಗ ಹಿಡಿಯಿರಿ

ನಾನು ಮೈಸೂರಿನವನು. ಹಾಗಾಗಿ ಇಲ್ಲಿಯ ಉದಾಹರಣೆಯನ್ನೇ ಕೊಡುತ್ತೇನೆ. ದಸರಾ ಅಂದರೆ ಎಲ್ಲರ ಕಣ್ಣೂ ವಿಜಯದಶಮಿಯ ಮೇಲೆ. ಆ ದಿನ ವಿದ್ಯಾರ್ಥಿಗೆ ಪಾಸ್ ಸಿಗುವುದು ಕಷ್ಟ. ಸಿಕ್ಕರೂ ಸಾಲಾಗಿ ನಿಂತ ಅಷ್ಟೂ ಫೋಟೋಗ್ರಾಫರ್‌ಗಳು ಒಂದೇ ಕೋನದಿಂದ 750 ಕೆಜಿಯ ಚಿನ್ನದ ಅಂಬಾರಿ ತೆಗೆಯುತ್ತಾರೆ. ನಿಮ್ಮದು ಅದರಲ್ಲಿ ಇನ್ನೊಂದಾಗುತ್ತದೆ, ಅಷ್ಟೇ.

ಆದರೆ ಆನೆಗಳು ಅದಕ್ಕೆ ಎಷ್ಟೋ ವಾರ ಮೊದಲೇ ಬಂದಿರುತ್ತವೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಮೈಸೂರಿಗೆ ಬಂದ ಮೇಲೆ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಆನೆಗಳನ್ನು ನಿಲ್ಲಿಸಿ ತೂಕ ಹಾಕುತ್ತಾರೆ. ಆಮೇಲೆ ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು ಐದು ಕಿಲೋಮೀಟರ್, ಬೆಳಗ್ಗೆ ಸಂಜೆ ತಾಲೀಮು. ಮೊದಲು ಬರೀ ನಡಿಗೆ, ಆಮೇಲೆ ಮರಳಿನ ಮೂಟೆ ಹೊರಿಸಿ, ಆಮೇಲೆ ಮರದ ಅಂಬಾರಿ ಕಟ್ಟಿ. ಸದ್ದಿಗೆ ಬೆದರಬಾರದು ಅಂತ ಫಿರಂಗಿ ಸಿಡಿಸುವ ಕುಶಾಲತೋಪಿನ ತಾಲೀಮು ಬೇರೆ. ರಸ್ತೆಯ ತಾಲೀಮು ನೋಡುವುದಕ್ಕೆ ಯಾವ ಪಾಸೂ ಬೇಡ. ಹಾಲು ತರಲು ಹೊರಟವರು, ಶಾಲೆಗೆ ಹೊರಟ ಮಕ್ಕಳು, ಸಿಟಿ ಬಸ್ಸು, ನಡುವೆ ಆನೆ. ಇಷ್ಟು ಒಳ್ಳೆಯ ಫೀಚರ್ ಫೋಟೋ ವಿಜಯದಶಮಿಯ ದಿನ ಸಿಗುವುದಿಲ್ಲ.

ನಿಮ್ಮದು ಬ್ಯಾಡಗಿಯಾದರೆ ಮೆಣಸಿನಕಾಯಿ ಮಾರುಕಟ್ಟೆ ಇದೆ. ಇಳಕಲ್ ಆದರೆ ಮಗ್ಗಗಳಿವೆ. ಮಂಗಳೂರಾದರೆ ಮೀನುಗಾರಿಕೆ ಬಂದರು ಬೆಳಗಿನ ಜಾವಕ್ಕೇ ಎದ್ದಿರುತ್ತದೆ. ಬೆಂಗಳೂರಿನ ಬಸವನಗುಡಿಯಾದರೆ ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ, ಅದಕ್ಕೆ ಮೊದಲು ಮೂಟೆ ಹೊತ್ತ ಲಾರಿಗಳು ಬಂದಿಳಿಯುವುದು, ಮುಗಿದ ಮೇಲೆ ಸಿಪ್ಪೆ ಗುಡಿಸುವ ಪೌರಕಾರ್ಮಿಕರು. ದೊಡ್ಡ ದಿನಕ್ಕಿಂತ ಅದರ ಮುಂಚಿನ ದಿನ, ಮಾರನೆಯ ದಿನವೇ ವಿದ್ಯಾರ್ಥಿಗೆ ಹೆಚ್ಚು ಫೋಟೋ ಕೊಡುತ್ತವೆ.

ಮೊದಲ ಎರಡು ಸಲ ಹೋದಾಗ ಕ್ಯಾಮೆರಾ ಜಾಸ್ತಿ ಎತ್ತಬೇಡಿ. ಮಾತಾಡಿ. ಯಾವ ಕಾಲೇಜು, ಯಾಕೆ ಬಂದಿದ್ದೀರಿ ಹೇಳಿ. ಮೂರನೆಯ ಸಲ ಹೋದಾಗ ಹಿಂದಿನ ಫೋಟೋಗಳ ಒಂದೆರಡು ಪ್ರಿಂಟ್ ಹಾಕಿಸಿಕೊಂಡು ಹೋಗಿ ಕೊಡಿ. ಅಲ್ಲಿಂದ ಮುಂದೆ ನಿಮ್ಮನ್ನು ನೋಡಿ ಯಾರೂ ಪೋಸ್ ಕೊಡುವುದಿಲ್ಲ. ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡಿರುತ್ತಾರೆ. ನಿಮಗೆ ಬೇಕಾದದ್ದು ಅದೇ ಅಲ್ವಾ?

ಕ್ಯಾಮೆರಾ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಿಟ್‌ನಲ್ಲಿ ಬರುವ 18-55 ಲೆನ್ಸ್ ಸಾಕು. ದುಡ್ಡಿದ್ದರೆ 50 ಎಂಎಂ 1.8 ಒಂದು ತಗೊಳ್ಳಿ, ಕಡಿಮೆ ಬೆಳಕಿಗೆ ಆಗುತ್ತದೆ. ಕ್ರಿಕೆಟ್‌ನಂಥ ಆಟಕ್ಕೆ ಬೇಕಾದ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸನ್ನು ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ಬರೀ ಫೋನ್ ಇದ್ದರೆ ಫೋನಿನಲ್ಲೇ ಶುರು ಮಾಡಿ, ಡಿಜಿಟಲ್ ಝೂಮ್ ಮಾತ್ರ ಮುಟ್ಟಬೇಡಿ, ಎರಡು ಹೆಜ್ಜೆ ಹತ್ತಿರ ಹೋಗಿ. ಆನೆಯ ಹತ್ತಿರ ಅಲ್ಲ, ಅಲ್ಲಿ ದೂರವೇ ಸರಿ. ಸೆಲ್ಫಿ, ರೀಲ್ಸ್ ಗಲಾಟೆಗೆ ಅರಣ್ಯ ಇಲಾಖೆಯವರು ತಡೆ ಹಾಕಿದ್ದು ಸರಿಯಾಗಿಯೇ ಇದೆ.

ಸ್ಪಾಟ್ ನ್ಯೂಸ್ ಹುಡುಕಿಕೊಂಡು ಹೋಗಬೇಡಿ

2024ರ ಸೆಪ್ಟೆಂಬರ್‌ನ ಒಂದು ರಾತ್ರಿ ಧನಂಜಯ ಮತ್ತು ಕಂಜನ್ ಎಂಬ ಎರಡು ದಸರಾ ಆನೆಗಳು ಜಗಳಕ್ಕೆ ಬಿದ್ದು, ಒಂದನ್ನೊಂದು ಅಟ್ಟಿಸಿಕೊಂಡು ಅರಮನೆ ಆವರಣದಿಂದ ರಸ್ತೆಗೇ ಬಂದುಬಿಟ್ಟವು. ಇಂಥದ್ದಕ್ಕೆ ತಯಾರಿ ಅಂತ ಏನೂ ಇರುವುದಿಲ್ಲ. ಆ ಗಳಿಗೆಯಲ್ಲಿ ಅಲ್ಲಿದ್ದವರಿಗೆ ಮಾತ್ರ ಫೋಟೋ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಅಂತ ಹೇಳುವುದಕ್ಕೆ ಇದೂ ಒಂದು ಕಾರಣ.

ಅಂಥ ಹೊತ್ತಿನಲ್ಲಿ ಸೆಟ್ಟಿಂಗ್ಸ್ ತಡಕಾಡಬಾರದು. ಜಾಗದಿಂದ ಹೊರಡುವಾಗಲೆಲ್ಲ ಕ್ಯಾಮೆರಾವನ್ನು ಆಟೋ ಐಎಸ್ಒಗೆ (ಬೆಳಕಿಗೆ ತಕ್ಕಂತೆ ಸಂವೇದನೆಯನ್ನು ತಾನೇ ಹೊಂದಿಸಿಕೊಳ್ಳುವುದು), ಶಟರ್ ವೇಗವನ್ನು ಸೆಕೆಂಡಿನ 1/500ಕ್ಕೆ ತಂದಿಟ್ಟುಕೊಳ್ಳಿ. ಮೊದಲು ಅಗಲವಾದ ಒಂದು ಫೋಟೋ: ಎಲ್ಲಿ, ಏನು ಅಂತ ಗೊತ್ತಾಗಬೇಕು. ಆಮೇಲೆ ಮುಖಗಳು. ಪೊಲೀಸರು, ಅಗ್ನಿಶಾಮಕದವರು ಹಿಂದೆ ಸರಿಯಿರಿ ಅಂದರೆ ಸರಿಯಿರಿ. ಪಕ್ಕದಲ್ಲಿ ಯಾರಿಗಾದರೂ ನೆರವು ಬೇಕಾಗಿದ್ದು, ಕೊಡುವವರು ನೀವೊಬ್ಬರೇ ಆಗಿದ್ದರೆ, ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಅದನ್ನು ಮೊದಲು ಮಾಡಿ. ಸ್ಪಾಟ್ ನ್ಯೂಸ್ ಇಲ್ಲದ ಪೋರ್ಟ್‌ಫೋಲಿಯೊವನ್ನು ಯಾವ ಎಡಿಟರೂ ಅದೊಂದಕ್ಕಾಗಿ ತಳ್ಳಿಹಾಕುವುದಿಲ್ಲ.

ಸಾಮಾನ್ಯ ಸುದ್ದಿ: ವೇದಿಕೆಗೆ ಬೆನ್ನು ಮಾಡಿ

ವೇದಿಕೆಯ ಮೇಲೆ ಸಾಲಾಗಿ ಕೂತವರು, ದೀಪ ಬೆಳಗುವುದು, ಮೈಕ್ ಹಿಡಿದ ಮುಖ. ಇದನ್ನು ಒಂದು ತೆಗೆದುಕೊಳ್ಳಿ, ಕಚೇರಿಗೆ ಬೇಕಾಗುತ್ತದೆ. ಆಮೇಲೆ ವೇದಿಕೆಗೆ ಬೆನ್ನು ಮಾಡಿ ನಿಂತು ಜನರನ್ನು ನೋಡಿ. ಕಾವೇರಿ ಹೋರಾಟಕ್ಕೆ ಮಂಡ್ಯದಲ್ಲಿ ರೈತರು ಧರಣಿ ಕೂತರೆ ಘೋಷಣೆ ಕೂಗುವ ಕೈಗಳು ಎಲ್ಲರಿಗೂ ಸಿಗುತ್ತವೆ. ಊಟದ ಹೊತ್ತಿಗೆ ರಸ್ತೆಯ ಮೇಲೇ ಅಡುಗೆ ಮಾಡಿ ಬಡಿಸುವಾಗ ನೀವು ಅಲ್ಲಿ ಉಳಿದಿದ್ದರೆ ಇನ್ನೊಂದು ಫೋಟೋ ಸಿಗುತ್ತದೆ. ಬಂದವರೆಲ್ಲ ಹೋದ ಮೇಲೂ ಅರ್ಧ ಗಂಟೆ ನಿಲ್ಲಿ. ಈ ಒಂದು ಅಭ್ಯಾಸದಿಂದಲೇ ನನಗೆ ಅದೆಷ್ಟೋ ಫೋಟೋ ಸಿಕ್ಕಿವೆ.

ಚುನಾವಣೆ ಬಂದರೆ ಒಂದು ಎಚ್ಚರಿಕೆ. ಚುನಾವಣಾ ಆಯೋಗದ ಅನುಮತಿ ಪತ್ರ ಇಲ್ಲದೆ ಮತಗಟ್ಟೆಯ ಒಳಗೆ ಫೋಟೋ ತೆಗೆಯುವಂತಿಲ್ಲ. ಹೊರಗೆ, ನಿಯಮದಂತೆ ದೂರ ನಿಂತು, ಸಾಲಿನಲ್ಲಿ ಕಾಯುವವರನ್ನು ತೆಗೆಯಿರಿ.

ಕ್ರೀಡೆ: ಕುಸ್ತಿಯಿಂದ ಶುರು ಮಾಡಿ

ಕ್ರಿಕೆಟ್‌ಗೆ ಉದ್ದ ಲೆನ್ಸ್ ಬೇಕು, ಪಾಸ್ ಬೇಕು. ಕಾಲೇಜಿನ ಕಬಡ್ಡಿ, ಕೊಕ್ಕೊ, ನಾಡಕುಸ್ತಿಗೆ ಎರಡೂ ಬೇಡ. ಮೈಸೂರಿನಲ್ಲಿ ದಸರಾ ಕುಸ್ತಿ ದೊಡ್ಡಕೆರೆ ಮೈದಾನದ ಅಖಾಡದಲ್ಲಿ ನಡೆಯುತ್ತದೆ. ಅದಕ್ಕೂ ಮೊದಲು ಯಾರ ಮೇಲೆ ಯಾರು ಅಂತ ನಿರ್ಧರಿಸುವ ‘ಜೋಡಿ ಕಟ್ಟುವ’ ದಿನ ಇರುತ್ತದೆ. ಪೈಲ್ವಾನರು ಒಬ್ಬರನ್ನೊಬ್ಬರು ಅಳೆಯುವ ಆ ನೋಟ ಕ್ರೀಡಾ ಫೀಚರ್‌ಗೆ ಹೇಳಿ ಮಾಡಿಸಿದ್ದು.

ಕುಸ್ತಿಯಲ್ಲಿ ಕಷ್ಟ ಏನೆಂದರೆ ಮುಖವೇ ಕಾಣುವುದಿಲ್ಲ. ಬೆನ್ನು, ಭುಜ, ಕಾಲು. ಮಟ್ಟಿಯ ಅಂಚಿನಲ್ಲಿ ಮಂಡಿ ಊರಿ, ಕ್ಯಾಮೆರಾ ಮಣ್ಣಿನ ಮಟ್ಟಕ್ಕೆ ಇಳಿಸಿ. ಎದುರಾಳಿ ನೆಲಕ್ಕೆ ಬಿದ್ದು ಚಿತ್ ಆಗುವ ಮುಂಚೆ ಒಂದು ಕ್ಷಣ ತಲೆ ಎತ್ತುತ್ತಾನೆ. ಆಗ ಮುಖ, ಮುಖಕ್ಕೆ ಮೆತ್ತಿದ ಕೆಂಪು ಮಣ್ಣು, ಕುತ್ತಿಗೆಯ ನರ ಎಲ್ಲ ಕಾಣುತ್ತದೆ. ಶಟರ್ 1/800ಕ್ಕಿಂತ ಕಡಿಮೆ ಬೇಡ. ಸಂಜೆ ಬೆಳಕು ಕುಗ್ಗಿದಂತೆ ಐಎಸ್ಒ ಏರಿಸಿ, 3200 ಆದರೂ ಪರವಾಗಿಲ್ಲ. ಕಾಳು ಕಾಳಾದ ಫೋಟೋ ಅಚ್ಚಾಗುತ್ತದೆ, ಅಲುಗಿದ ಫೋಟೋ ಅಚ್ಚಾಗುವುದಿಲ್ಲ. ಹಿಂದೆ ಜಾಹೀರಾತಿನ ಬ್ಯಾನರ್ ಬರುತ್ತಿದ್ದರೆ ಪಂದ್ಯ ಶುರುವಾಗುವ ಮೊದಲೇ ಜಾಗ ಬದಲಿಸಿ, ಜನರ ಮುಖ ಹಿನ್ನೆಲೆಯಾಗುವ ಕಡೆ ಕೂರಿ.

ಗೆದ್ದವನನ್ನು ಎಲ್ಲರೂ ಎತ್ತಿ ಕುಣಿಸುವಾಗ ಒಮ್ಮೆ ಸೋತವನ ಕಡೆ ತಿರುಗಿ.

ವ್ಯಕ್ತಿಚಿತ್ರ

ಇಲಸ್ಟ್ರೇಷನ್ ಬಿಟ್ಟರೆ ಇದೊಂದರಲ್ಲಿ ಮಾತ್ರ ‘ಇಲ್ಲಿ ಕೂತುಕೊಳ್ಳಿ, ಕಿಟಕಿ ಕಡೆ ನೋಡಿ’ ಅಂತ ಹೇಳಬಹುದು. ಫೀಚರ್‌ನಲ್ಲಿ, ಸುದ್ದಿಯಲ್ಲಿ ಹಾಗೆ ಹೇಳುವಂತಿಲ್ಲ. ಮಾವುತರು, ಅವರಿಗೆ ನೆರವಾಗುವ ಕಾವಾಡಿಗಳು ದಸರಾ ಮುಗಿಯುವವರೆಗೆ ಅರಮನೆ ಆವರಣದಲ್ಲೇ ಕುಟುಂಬದ ಜೊತೆ ಬಿಡಾರ ಹೂಡುತ್ತಾರೆ, ಅವರ ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ಮಾವುತರನ್ನು ಆನೆಯ ಮೇಲೆ ಕೂರಿಸಿ ತೆಗೆದ ಫೋಟೋ ಸಾವಿರ ಇವೆ. ಬಿಡಾರದ ಬಾಗಿಲಲ್ಲಿ ಕೂತು ಆನೆಗೆ ಕುಸುರೆ (ಹುಲ್ಲಿನಲ್ಲಿ ಸುತ್ತಿದ ಮೇವು) ಕಟ್ಟುವ ಕೈ, ಆ ಕೈಗೆ ಅಂಟಿದ ಬೆಲ್ಲ, ಹಿಂದೆ ದಾರದ ಮೇಲೆ ಒಣಗುತ್ತಿರುವ ಮಕ್ಕಳ ಯೂನಿಫಾರಂ. ಇದರಲ್ಲಿ ಆ ಮನುಷ್ಯನ ಇಡೀ ಎರಡು ತಿಂಗಳು ಇದೆ.

ಎರಡು ವ್ಯಕ್ತಿಚಿತ್ರ ಇಡುವುದಾದರೆ ಒಂದು ಹೀಗೆ ಅವರ ಜಾಗದಲ್ಲಿ ತೆಗೆದದ್ದಿರಲಿ, ಇನ್ನೊಂದು ಬರೀ ಮುಖ. ಬಾಗಿಲಿನ ಬೆಳಕು ಸಾಕು, ಫ್ಲ್ಯಾಶ್ ಬೇಡ.

ಮಕ್ಕಳ ಫೋಟೋ ತೆಗೆಯುವ ಮುಂಚೆ ಅಪ್ಪ ಅಮ್ಮನನ್ನೋ ಟೀಚರನ್ನೋ ಕೇಳಿ. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರ ಫೋಟೋಗಳನ್ನು ಹುಡುಕಿ ನೋಡಿ. 1977ರಲ್ಲಿ ಪದ್ಮಶ್ರೀ ಪಡೆದ ಛಾಯಾಗ್ರಾಹಕರು. ಯುನಿಸೆಫ್‌ಗೆ ಅವರು ತೆಗೆದ ಮಕ್ಕಳ ಫೋಟೋಗಳಲ್ಲಿ ಒಂದು ಮಗುವೂ ‘ಪಾಪ’ ಅನ್ನಿಸುವ ಹಾಗೆ ಕಾಣುವುದಿಲ್ಲ. ಬಡತನ ಇದೆ, ಆದರೆ ಮಗು ಮಗುವಾಗಿಯೇ ಇದೆ. ನಮ್ಮಲ್ಲಿ ಕಣ್ಣೀರು, ಹರಿದ ಅಂಗಿ ಹುಡುಕಿಕೊಂಡು ಹೋಗುವ ಚಾಳಿ ಬಹಳ ಇದೆ. ನನಗೆ ಅದನ್ನು ಕಂಡರೆ ನಿಜವಾಗಿಯೂ ಸಂಕಟವಾಗುತ್ತದೆ.

ಫೋಟೋ ಸ್ಟೋರಿ: ಇದಕ್ಕೆ ಅರ್ಧ ಸಮಯ ಕೊಡಿ

ಎಡಿಟರ್ ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿಯೇ. ‘ದಸರಾ ಆನೆಗಳು’ ಅನ್ನುವುದು ಸ್ಟೋರಿ ಅಲ್ಲ, ಅದು ವಿಷಯ. ‘ಟೆಂಟ್ ಶಾಲೆಗೆ ಹೋಗುವ ಒಬ್ಬಳು ಹುಡುಗಿಯ ನಗರವಾಸ’ ಅಂದರೆ ಸ್ಟೋರಿ. ಒಂದೇ ವಾಕ್ಯದಲ್ಲಿ ಹೇಳಲಾಗದಿದ್ದರೆ ಇನ್ನೂ ಸಿಕ್ಕಿಲ್ಲ ಅಂತ ಅರ್ಥ.

ಎಂಟು ಫೋಟೋಗಳೂ ಎಂಟು ಬೇರೆ ಕೆಲಸ ಮಾಡಬೇಕು. ಒಂದು ಜಾಗ ತೋರಿಸಬೇಕು: ಅರಮನೆಯ ಗೋಪುರದ ಕೆಳಗೆ ಬಿಡಾರಗಳ ಸಾಲು. ಒಂದು ಅವಳ ಮುಖ. ಒಂದು ಹತ್ತಿರದ ನೋಟ: ಸ್ಲೇಟು, ಬಳಪ, ಕೈ. ಒಂದು ಅವಳಿಗೂ ಇನ್ನೊಬ್ಬರಿಗೂ ನಡೆಯುವ ವ್ಯವಹಾರ, ಅಮ್ಮ ತಲೆ ಬಾಚುವುದೋ ತಮ್ಮನ ಜೊತೆ ಜಗಳವೋ. ಒಂದು ಅಪ್ಪ ಆನೆಯ ಜೊತೆ ಹೊರಡುವುದನ್ನು ಅವಳು ನೋಡುವುದು. ಒಂದು ರಾತ್ರಿಯದ್ದು. ಒಂದರಲ್ಲಿ ಅವಳೇ ಇರಬಾರದು, ಅವಳು ನೋಡುವ ನಗರ ಮಾತ್ರ. ಕೊನೆಯದು ಲಾರಿ ಹತ್ತಿ ಕಾಡಿಗೆ ವಾಪಸ್ ಹೊರಡುವ ಬೆಳಗ್ಗೆ. ಆ ಬೆಳಗ್ಗೆ ಯಾರೂ ಫೋಟೋ ತೆಗೆಯಲು ಬರುವುದಿಲ್ಲ. ನೀವು ಹೋಗಿ.

ಮನೆಗೆ ಬಂದು ಪ್ರತಿ ರಾತ್ರಿ ನೋಟ್‌ಬುಕ್‌ನಲ್ಲಿ ಏನು ಸಿಕ್ಕಿದೆ, ಏನು ಬಾಕಿ ಬರೆದುಕೊಳ್ಳಿ. ಅಗಲದ ಫೋಟೋ ಆರು ಸಿಕ್ಕಿ ಹತ್ತಿರದ್ದು ಒಂದೂ ಇಲ್ಲ ಅನ್ನುವುದು ಸಾಮಾನ್ಯವಾಗಿ ಆಗುವ ಎಡವಟ್ಟು.

ಕ್ಯಾಪ್ಷನ್

ಒಮ್ಮೆ ಒಬ್ಬ ಕಾವಾಡಿಯ ಫೋಟೋ ಪತ್ರಿಕೆಯಲ್ಲಿ ಬಂತು. ಗದ್ದಲದ ನಡುವೆ ಹೆಸರನ್ನು ಕೇಳಿಸಿಕೊಂಡ ಹಾಗೆ ಬರೆದುಕೊಂಡಿದ್ದೆ. ಮಾರನೆಯ ದಿನ ಬಿಡಾರಕ್ಕೆ ಹೋದರೆ ಅವರು ಆ ತುಣುಕನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಹೆಸರಿನ ಜಾಗದಲ್ಲಿ ಅವರ ತಮ್ಮನ ಹೆಸರಿತ್ತು. ಅದರ ಮೇಲೆ ಬಾಲ್ ಪೆನ್ನಿನಿಂದ ಗೀಟು ಹಾಕಿ ತಮ್ಮ ಹೆಸರು ಬರೆದುಕೊಂಡಿದ್ದರು. ಅವರು ಬೈಯಲಿಲ್ಲ. ಅಂದಿನಿಂದ ನಾನು ನೋಟ್‌ಬುಕ್ ಫೋಟೋದಲ್ಲಿರುವವರ ಕೈಗೇ ಕೊಟ್ಟು ಬರೆಸಿಕೊಳ್ಳುತ್ತೇನೆ, ಬರೆಯಲು ಬಾರದಿದ್ದರೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ.

ಎರಡು ವಾಕ್ಯ ಸಾಕು. ಮೊದಲನೆಯದು ಯಾರು, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವ ದಿನ. ಎರಡನೆಯದು ಫೋಟೋದಲ್ಲಿ ಕಾಣದ ಸಂಗತಿ. ‘ಬದುಕಿನ ಬಂಡಿ’, ‘ಮುಗ್ಧ ನಗು’ ಇವೆಲ್ಲ ಕ್ಯಾಪ್ಷನ್ ಅಲ್ಲ. ‘ಮರದ ಅಂಬಾರಿ ಹೊತ್ತ ಆನೆ ಶುಕ್ರವಾರ ಬೆಳಗ್ಗೆ ಸಯ್ಯಾಜಿರಾವ್ ರಸ್ತೆಯಲ್ಲಿ ತಾಲೀಮು ನಡೆಸಿತು. ಇದಕ್ಕೂ ಮೊದಲು ಮರಳಿನ ಮೂಟೆ ಹೊರಿಸಿ ಅಭ್ಯಾಸ ಮಾಡಿಸಲಾಗಿತ್ತು’ ಅಂದರೆ ಕ್ಯಾಪ್ಷನ್. ಆನೆಯ ಹೆಸರು, ಮಾವುತರ ಹೆಸರು ಸೇರಿಸಿ.

ಕನ್ನಡದಲ್ಲಿ ಬರೆಯುವಾಗ ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತದೆ. ಕ್ಯಾಪ್ಷನ್ ಮತ್ತು ನಿಮ್ಮ ಹೆಸರನ್ನು ಫೋಟೋ ಫೈಲಿನ ಒಳಗೇ, ಐಪಿಟಿಸಿ ಮೆಟಾಡೇಟಾದಲ್ಲಿ (ಫೋಟೋದ ಜೊತೆಗೇ ಸಾಗುವ ಮಾಹಿತಿಯ ಜಾಗ) ತುಂಬಿ.

ಮುಟ್ಟಬಾರದ್ದು

ಕತ್ತಲು ಬೆಳಕು ಸರಿಮಾಡಿ, ಕ್ರಾಪ್ ಮಾಡಿ. ಫೋಟೋದ ಒಳಗಿನಿಂದ ಏನನ್ನೂ ತೆಗೆಯಬೇಡಿ, ಸೇರಿಸಬೇಡಿ. 2014ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ನಾರ್ಸಿಸೊ ಕಾಂಟ್ರೆರಾಸ್ ಎಂಬ ಫೋಟೋಗ್ರಾಫರ್ ಜೊತೆಗಿನ ನಂಟು ಕಡಿದುಕೊಂಡಿತು. ಸಿರಿಯಾ ಯುದ್ಧದ ಒಂದು ಫೋಟೋದ ಮೂಲೆಯಲ್ಲಿದ್ದ ವಿಡಿಯೊ ಕ್ಯಾಮೆರಾವನ್ನು ಅವರು ಅಳಿಸಿದ್ದರು. ಅದರ ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಗೆದ್ದ ತಂಡದಲ್ಲಿದ್ದವರು. ಫೋನಿನಲ್ಲಿ ಈಗ ಒಂದು ಬೆರಳಿನಲ್ಲಿ ಕರೆಂಟ್ ಕಂಬ ಅಳಿಸಬಹುದು. ಅಳಿಸಬೇಡಿ. ಮೂಲ ಫೈಲುಗಳನ್ನು, ಸಾಧ್ಯವಾದರೆ ರಾ ಫೈಲುಗಳನ್ನು (ಕ್ಯಾಮೆರಾ ದಾಖಲಿಸಿದ ಹಸಿ ರೂಪ), ಜೋಪಾನವಾಗಿಡಿ. ವರ್ಲ್ಡ್ ಪ್ರೆಸ್ ಫೋಟೋದಂಥ ಸ್ಪರ್ಧೆಗಳು ಕೇಳಿಯೇ ಕೇಳುತ್ತವೆ.

ಕಾನೂನೂ ಇದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಯಲು ಮಾಡುವುದನ್ನು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ತಡೆಯುತ್ತದೆ. ಅತ್ಯಾಚಾರ ಸಂತ್ರಸ್ತೆಯ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಇದೆ. ಮುಖ ಮಸುಕು ಮಾಡಿದರೆ ಮುಗಿಯಲಿಲ್ಲ. ಮನೆ, ಬೀದಿ, ಶಾಲೆಯ ಯೂನಿಫಾರಂ ಕೂಡ ಗುರುತೇ.

ಇನ್ನೂರನ್ನು ಇಪ್ಪತ್ತಕ್ಕೆ ಇಳಿಸುವುದು

ತೆಗೆದ ದಿನವೇ ಆಯ್ಕೆ ಮಾಡಬೇಡಿ. ಆ ದಿನ ಪಟ್ಟ ಕಷ್ಟ ನೆನಪಿರುತ್ತದೆ, ಫೋಟೋ ಕಾಣುವುದಿಲ್ಲ. ಒಂದು ವಾರ ಬಿಟ್ಟು ಅರವತ್ತಕ್ಕೆ ಇಳಿಸಿ. ಆ ಅರವತ್ತನ್ನೂ ಸ್ಟುಡಿಯೊದಲ್ಲಿ ಸಣ್ಣ ಪ್ರಿಂಟ್ ಹಾಕಿಸಿ, ನೆಲದ ಮೇಲೆ ಹರಡಿ. ಒಂದೇ ಕೆಲಸ ಮಾಡುವ ಎರಡು ಫೋಟೋ ಕಂಡರೆ ಒಂದನ್ನು ತಿರುಗಿಸಿ ಇಡಿ. ಆಮೇಲೆ ಫೋಟೋಗ್ರಫಿ ಗೊತ್ತಿಲ್ಲದ ಒಬ್ಬರನ್ನು ಕರೆಯಿರಿ. ನನ್ನ ಮನೆಯಲ್ಲಿ ಅಮ್ಮನನ್ನು ಕರೆಯುತ್ತಿದ್ದೆ. ಯಾವುದರ ಮುಂದೆ ಅವರು ಬಗ್ಗಿ ನೋಡುತ್ತಾರೋ ಅದರ ಮೇಲೆ ಒಂದು ಕಣ್ಣಿಡಿ.

ಮೊದಲ ಫೋಟೋ ನಿಮ್ಮದರಲ್ಲೇ ಗಟ್ಟಿಯಾದದ್ದು, ಕೊನೆಯದು ಅದರ ನಂತರದ್ದು. ನಡುವೆ ಗದ್ದಲದ ಪಕ್ಕ ಮೌನದ ಫೋಟೋ, ಅಗಲದ ಪಕ್ಕ ಹತ್ತಿರದ್ದು. ವಿಭಾಗದ ಹೆಸರನ್ನು ಪ್ರತಿ ಫೋಟೋದ ಕೆಳಗೆ ಕ್ಯಾಪ್ಷನ್ ಜೊತೆ ಸಣ್ಣದಾಗಿ ಹಾಕಿ. ಸ್ಟೋರಿ ಬಿಡಿ ಫೋಟೋಗಳ ನಂತರ ಬರಲಿ. ನಿಮ್ಮ ಸಹಿ, ವಾಟರ್‌ಮಾರ್ಕ್ ಫೋಟೋದ ಮೇಲೆ ಬೇಡ.

ಕಳಿಸುವಾಗ

ಉದ್ದದ ಕಡೆ 2000 ಪಿಕ್ಸೆಲ್, ಬಣ್ಣದ ಸೆಟ್ಟಿಂಗ್ ಎಸ್‌ಆರ್‌ಜಿಬಿ, ಫೈಲು ಜೆಪೆಗ್. ಎಲ್ಲ ಸೇರಿ ಒಂದು ಪಿಡಿಎಫ್, ಇಮೇಲ್‌ಗೆ ಹಿಡಿಸುವಷ್ಟು. ಸಾಧ್ಯವಾದರೆ ಸರಳವಾದ ಒಂದು ವೆಬ್‌ಸೈಟ್. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಒಳಗೆ ತುಂಬಿದ ಕ್ಯಾಪ್ಷನ್ ಕೂಡ ಹೋಗುತ್ತದೆ. ಫೈಲಿನ ಹೆಸರು ‘ಫೈನಲ್ ಫೈನಲ್ 2’ ಅಂತ ಬೇಡ. ನಿಮ್ಮ ಹೆಸರು, ವಿಭಾಗ, ಕ್ರಮಸಂಖ್ಯೆ ಇರಲಿ. ಎಲ್ಲದರ ಒಂದು ನಕಲು ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಕ್ಲೌಡ್‌ನಲ್ಲಿ.

ಜೊತೆಗೆ ಮೂರು ಸಾಲಿನ ಪತ್ರ ಬರೆಯಿರಿ: ಯಾರು, ಏನು ಓದುತ್ತಿದ್ದೀರಿ, ಯಾವ ತಿಂಗಳಿಂದ ಕೆಲಸಕ್ಕೆ ಬರಬಹುದು. ಎರಡು ವಾರ ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ. ಆ ಹುಡುಗಿಗೆ, ಆ ಪೈಲ್ವಾನರಿಗೆ, ಆ ಕಾವಾಡಿಗೆ ಪ್ರಿಂಟ್ ಕೊಟ್ಟಿಲ್ಲದಿದ್ದರೆ, ಪೋರ್ಟ್‌ಫೋಲಿಯೊ ಕಳಿಸಿದ ದಿನವೇ ಅದನ್ನೂ ಪ್ರಿಂಟ್ ಹಾಕಿಸಿ ತಲುಪಿಸಿ.